ಅಗಳಿಯಿಲ್ಲದ ಬಾಗಿಲು

ನಾನು ಒಂದು ಬಾಗಿಲು. ಮತ್ತಿಮರದ ಎದೆಯಿಂದ ಕೊಯ್ದ ಒಂಟಿ ಹಲಗೆಯ ಬಾಗಿಲು. ಹೊಳೆದಂಡೆಯ ಮಠಕ್ಕೆಂದು ಬಡಿಗೇರ ಮೋನಪ್ಪ ನನ್ನನ್ನು ಮಾಡಿದ. ಅಗಳಿ ಮಾತ್ರ ಇಡಲಿಲ್ಲ. ಹಸಿದವರು ಯಾವ ಹೊತ್ತಿಗೆ ಬರುತ್ತಾರೋ ಯಾರು ಬಲ್ಲರು, ಮಠದ ಬಾಗಿಲು ಮುಚ್ಚಕೂಡದು ಎಂಬುದು ಅಲ್ಲಿಯ ಕಟ್ಟಳೆ.

ಮಠದಲ್ಲಿ ಅಡುಗೆ ಮಾಡುತ್ತಿದ್ದವಳು ನಿಂಬವ್ವ. ಎಲ್ಲರಿಗೂ ಬಡಿಸಿ, ತಾನು ಉಣ್ಣುವ ಮುನ್ನ ಹೊಸ್ತಿಲಿಗೆ ಬಂದು, ನನ್ನ ಮೇಲೆ ಅಂಗೈ ಊರಿ ಕೂಗುತ್ತಿದ್ದಳು: "ಉಣ್ಣದವ್ರು ಯಾರರ ಉಳದೀರೇನ್ರೋ? ಬರ್ರೆಪ್ಪಾ, ಬರ್ರೀ!" ಯಾರೂ ಬರದಿದ್ದರೆ ಒಳಗೆ ಹೋಗಿ ಉಣ್ಣುವಳು. ಉಂಡು ಕೈತೊಳೆಯಲು ಹೊರಗೆ ಬರುವಾಗ ನನ್ನನ್ನು ಮೆಲ್ಲಗೆ ಎರಡು ಸಲ ತಟ್ಟುವಳು. ನನ್ನ ದಿನ ಅಲ್ಲಿಗೆ ಮುಗಿಯುತ್ತಿತ್ತು.

ಆಮೇಲೆ ದೊರೆಯ ಆಜ್ಞೆ ಬಂತು. ಮಠಗಳ ಭೂಮಿಯೆಲ್ಲ ಅರಮನೆಗೆ, ಮಠಗಳಿಗೆ ಬೀಗ. ಕೆಲವು ಮಠಗಳು ಬಡವರ ಹೊಲ ನುಂಗಿ ಕೂತಿದ್ದವಂತೆ. ಇರಬಹುದು. ನುಂಗಿದವರನ್ನೂ ಉಣಿಸಿದವರನ್ನೂ ದೊರೆ ಒಂದೇ ತಕ್ಕಡಿಗೆ ಹಾಕಿದ.

ಬೀಗ ತಂದ ಅಧಿಕಾರಿ ನನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮೋನಪ್ಪನನ್ನು ಕರೆಸಿದ. "ಇದೆಂಥಾ ಬಾಗಿಲಪಾ! ಬೀಗ ಎಲ್ಲಿ ಹಾಕ್ಲಿ, ನಿನ್ನ ಮೂಗಿಗೇನು?"

ಮೋನಪ್ಪ ತಲೆ ಎತ್ತದೆ ನನಗೆ ಕಬ್ಬಿಣದ ಅಗಳಿ ಜಡಿದ.

ಹೊರಗೆ ತಳ್ಳಿಸಿಕೊಂಡ ನಿಂಬವ್ವ ಮೆಟ್ಟಿಲ ಮೇಲೆ ಕೂತು ನನಗೆ ಬೆನ್ನು ಆನಿಸಿದಳು. ಸಂಜೆ ಮೋನಪ್ಪ ಗಂಜಿ ತಂದ.

"ಯವ್ವಾ, ಎರಡು ಗುಟುಕು ಕುಡಿ."

"ಕೂಗದ ಹ್ಯಾಂಗ ಉಣ್ಣಲೋ?"

"ಇಲ್ಲೇ ಕುಂತು ಕೂಗಬೇ."

"ಮುಚ್ಚಿದ ಬಾಗಲ ಮುಂದ ಕುಂತು ಬರ್ರಿ ಅಂದ್ರ, ಬಂದವ್ರಿಗೆ ಏನ್ ನೀಡ್ಲಿ? ಇದು ನಿನ್ನ ಮಕ್ಕಳ ಪಾಲು. ಒಯ್ಯಿ."

ದಿನಾ ತಂದ, ದಿನಾ ಒಯ್ದ. ಒಂದು ಬೆಳಗ್ಗೆ ಆ ಬೆನ್ನು ತಣ್ಣಗಾಗಿತ್ತು.

ಅಂದಿನಿಂದ ನನ್ನ ಮೈಮೇಲೆ ಒಂದು ಅಂಗೈ ತಡಕಾಡತೊಡಗಿತು. ಅದೂ ಒಳಗಿನಿಂದ. ಒಳಗೆ ಯಾರೂ ಇರಲಿಲ್ಲ.

ದೊರೆ ಮಠದ ಭೂಮಿಯಲ್ಲೇ ದೊಡ್ಡ ಕೆರೆ ಕಟ್ಟಿಸಿದ. ಮತ್ತಿ ನೀರಲ್ಲಿ ಕೊಳೆಯದೆಂದು ನನ್ನನ್ನು ಬಿಚ್ಚಿ, ಅಗಳಿ ಕಿತ್ತು, ತೂಬಿಗೆ ಹಲಗೆ ಮಾಡಿದರು. ನನ್ನನ್ನು ಎತ್ತಿದಾಗಲೆಲ್ಲ ನೀರು ಹರಿಯಿತು, ಗದ್ದೆ ಹಸಿರಾಯಿತು. "ನಮ್ಮ ದೊರಿ ದೇವರಂಥಾಂವ" ಎಂದು ಜನ ಏರಿಯ ಮೇಲೆ ನಿಂತು ಕೈಮುಗಿದರು. ಅವರ ಮಾತು ಸುಳ್ಳಲ್ಲ. ಕೆಳಗೆ ಆ ಕತ್ತಲ ನೀರಿನಲ್ಲಿ ಅಂಗೈ ತಡಕುತ್ತಲೇ ಇತ್ತು. ಮೀನಿರಬೇಕು ಅಂದುಕೊಂಡೆ. ಮೀನಿಗೆ ಬೆರಳಿರುವುದಿಲ್ಲ.

ದೊರೆ ಹೋದ, ಅವನ ವಂಶವೂ ಹೋಯಿತು. ತೂಬಿಗೆ ಕಬ್ಬಿಣದ ಬಾಗಿಲು ಬಂತು. ನನ್ನನ್ನು ಕಾಲುವೆಗೆ ಅಡ್ಡ ಹಾಕಿ ಕಾಲುಸಂಕ ಮಾಡಿದರು. ಈಗ ಮುದಿಹಲಗೆ ನಾನು. ದಾಟುವವರು ದಾಟುತ್ತಾರೆ.

ಮೊನ್ನೆ ಮಧ್ಯಾಹ್ನ ನಾಟಿಗೆ ಬಂದ ಸಂಗವ್ವ ನನ್ನ ಮೇಲೆ ಕೂತು ಬುತ್ತಿ ಬಿಚ್ಚಿದಳು. ತುತ್ತೆತ್ತುವ ಮುನ್ನ ನನ್ನ ಮೇಲೆ ಅಂಗೈ ಊರಿ, ಗದ್ದೆಯ ಕಡೆ ತಿರುಗಿ ಕೂಗಿದಳು: "ಉಣ್ಣದವ್ರು ಯಾರರ ಉಳದೀರೇನ್ರೇ? ಬರ್ರೀ!"

"ನಮ್ದಾತು! ನಿನ್ನ ಪುಂಡಿಪಲ್ಲೆ ನೀನ ಉಣ್ಣು!" ಎಂದು ಆಚೆ ಗದ್ದೆಯವರು ನಕ್ಕರು.

ಸಂಗವ್ವನೂ ನಕ್ಕು, ಅಗಳಿ ಕಿತ್ತ ಗಾಯದ ಪಕ್ಕ ಒಂದು ತುತ್ತು ಅನ್ನ ತೆಗೆದಿಟ್ಟಳು. ದೊರೆಯ ನೀರಿನಲ್ಲಿ ಬೆಳೆದ ಅನ್ನ. ದೊರೆ ಮುಚ್ಚಿಸಿದ ಬಾಗಿಲಿನ ಕೂಗು. ಅವನನ್ನು ಹರಸಲೋ ಶಪಿಸಲೋ, ನನಗೆ ಇನ್ನೂ ತಿಳಿದಿಲ್ಲ.

ಗದ್ದೆಯಿಂದ ಯಾರೂ ಬರಲಿಲ್ಲ. ಆದರೂ ಸಂಗವ್ವನ ಪಕ್ಕದಲ್ಲಿ ಹಗುರವಾದ ಭಾರವೊಂದು ಬಂದು ಕೂತಿತು. ಊರನ್ನೆಲ್ಲ ಉಣ್ಣಲು ಕರೆದವಳನ್ನು ಅಲ್ಲಿಯವರೆಗೆ ಯಾರೂ ಹಾಗೆ ಕೂಗಿ ಕರೆದಿರಲಿಲ್ಲ.

ಒಂದು ತುತ್ತು ಮುಗಿಯುವಷ್ಟು ಹೊತ್ತು ನಾನು ಅಲುಗಲಿಲ್ಲ. ಆಮೇಲೆ ಆ ಅಂಗೈ ನನ್ನನ್ನು ತಟ್ಟಿತು. ಮೆಲ್ಲಗೆ, ಎರಡು ಸಲ.