ಗವಸು ಹಾಕದ ಕೈ

ಶವಪೆಟ್ಟಿಗೆಯವನು ಪೆಟ್ಟಿಗೆಯಲ್ಲಿದ್ದ ಅಪ್ಪನ ಎಡಗೈಗೆ ಬಿಳಿ ಗವಸು ತೊಡಿಸಿ ಮುಗಿಸಿ, ಬಲಗೈಯ ಬೆರಳುಗಳನ್ನು ಒಂದೊಂದಾಗಿ ಒಳಗೆ ತೂರಿಸುತ್ತಿದ್ದ. ಸತ್ತವರ ಬೆರಳು ಹೇಳಿದ ಮಾತು ಕೇಳುವುದಿಲ್ಲ.

"ಗವಸು ಯಾಕೆ?" ಚಿಕ್ಕಮ್ಮ ಕೇಳಿದಳು.

"ನಾನೇ ಹೇಳಿದ್ದು," ಎಂದಳು ಮಗಳು. "ಆ ಕಲೆಗಳನ್ನ ನೋಡಕ್ಕಾಗಲ್ಲ ನಂಗೆ."

ಅಪ್ಪ ಮೂಳೆ ಸಂಶೋಧನಾಲಯದಲ್ಲಿ ಮೊಲಗಳನ್ನು ನೋಡಿಕೊಳ್ಳುತ್ತಿದ್ದ. ಅವನು ನಿವೃತ್ತನಾದರೂ ಮೊಲಗಳು ಪರಚಿದ ಕಲೆಗಳು ನಿವೃತ್ತವಾಗಿರಲಿಲ್ಲ. ಮಗಳು ಆ ಕೈ ಹಿಡಿಯುವುದನ್ನು ಒಂಬತ್ತನೇ ವಯಸ್ಸಿಗೇ ಬಿಟ್ಟಿದ್ದಳು. ಇನ್ನೇನು ಮುಚ್ಚಳ ಬೀಳುತ್ತದೆ. ಹಿಡಿಯುವುದಾದರೆ ಈಗ, ಇಲ್ಲವೆಂದರೆ ಇಲ್ಲವೇ ಇಲ್ಲ.

*

"ಗುಂಡನ ಮೂಳೆ ತೂತು ಮುಚ್ಚಿಬಿಟ್ಟಿದೆ!"

ಅವಳ ಒಂಬತ್ತನೇ ವಯಸ್ಸಿನಲ್ಲಿ ಒಂದು ದಿನ ಅಪ್ಪ ಬಾಗಿಲಿನಿಂದಲೇ ಕೂಗಿದ್ದ. ಗುಂಡ ಎಂದರೆ ಮಗಳು ಹೆಸರಿಟ್ಟ ಸಂಶೋಧನಾಲಯದ ಮೊಲ. ವೈದ್ಯರು ಅದರ ತೊಡೆಮೂಳೆಯಲ್ಲಿ ತೂತು ಕೊರೆದು ಮೂಳೆ ಬೆಳೆಸುವ ಬಿಳಿ ಹರಳು ತುಂಬಿದ್ದರು. ಹರಳಿನ ಸುತ್ತ ಹೊಸ ಮೂಳೆ ಬೆಳೆದಿತ್ತು. ಮುಂದೆ ಕಾಲು ಮುರಿದ ಎಷ್ಟೋ ಜನ ಎದ್ದು ನಡೆಯಬಹುದು ಎಂದು ಅಪ್ಪ ಕುಣಿಯುವುದೊಂದು ಬಾಕಿ.

"ಮೂಳೆ ಒಳಗಿರತ್ತಲ್ಲಪ್ಪ, ಬೆಳೆದಿದ್ದು ಹೇಗೆ ಗೊತ್ತಾಯ್ತು?"

ಎಕ್ಸ್‌ರೇ ಅಂದಿದ್ದರೆ ಮುಗಿಯುತ್ತಿತ್ತು. ಅಪ್ಪನಿಗೆ ಸುಳ್ಳು ಬರುತ್ತಿರಲಿಲ್ಲ. ಕೈಗಳನ್ನು ಮೇಜಿನ ಕೆಳಗಿಟ್ಟುಕೊಂಡ. ಗುಂಡನನ್ನು ಕೊಂದೇ ಮೂಳೆ ತೆಗೆದು ನೋಡಿದ್ದಾರೆ ಎಂದು ಮಗಳಿಗೆ ಹೊಳೆಯಿತು.

*

ಕೊನೆಗೆ ಬಂದವಳು ಸಂಶೋಧನಾಲಯದ ಮುದಿ ಶಸ್ತ್ರವೈದ್ಯೆ. ಕೋಲೂರಿಕೊಂಡು ಪೆಟ್ಟಿಗೆಯೊಳಗೆ ಇಣುಕಿ ಹುಬ್ಬು ಗಂಟಿಕ್ಕಿದಳು.

"ಇವನಿಗೆ ಗವಸಾ? ಹಾಕ್ಕೋ ಅಂತ ಬೈದು ಬೈದು ನಂಗೆ ಸಾಕಾಗಿತ್ತು. ರಬ್ಬರ್ ವಾಸನೆಗೆ ಮೊಲ ನಡುಗತ್ತೆ ಅಂತಿದ್ದ. ನಾನು ಕೊನೇ ಸೂಜಿ ಚುಚ್ಚೋವಾಗ್ಲೂ ಬರಿಗೈಯಲ್ಲಿ ಅವುಗಳ ಕತ್ತು ಸವರ್ತಾ ಇರ್ತಿದ್ದ. ಅವು ಕಣ್ಣು ಮುಚ್ಚಿ ಸುಮ್ಮನಾಗ್ತಿದ್ವು."

"ನಂಬಿಸಿ ಕತ್ತು ಕೊಯ್ದ ಹಾಗಾಯ್ತಲ್ಲ!" ಎಂದಳು ಮಗಳು.

"ಅವನೂ ಅದನ್ನೇ ಹೇಳ್ತಿದ್ದ. ಬೇರೆ ಕೆಲಸ ಕೊಡಿಸ್ತೀನಿ ಅಂದೆ. ನಾನು ಹೋದ್ರೆ ಅವುಗಳನ್ನ ಗುರುತಿಲ್ಲದವರು ಹಿಡ್ಕೋತಾರೆ ಅಂದ." ವೈದ್ಯೆ ಮಗಳ ಕಡೆ ತಿರುಗಿದಳು. "ಮನೆಗೆ ಹೊರಡೋ ಮುಂಚೆ ಕೈ ತೊಳೀತಾನೇ ಇರ್ತಿದ್ದ. ಇವತ್ತಾದ್ರೂ ನೀನು ಮುಟ್ತೀಯೇನೋ ಅಂತ."

ಮಗಳಿಗೆ ಅಳು ಉಕ್ಕಿತು. ಸಿಟ್ಟೂ ಹೋಗಲಿಲ್ಲ. ಗುಂಡನ ವಿಷಯದಲ್ಲಿ ಅಪ್ಪನನ್ನು ಅವಳು ಈಗಲೂ ಕ್ಷಮಿಸಿರಲಿಲ್ಲ.

ಪೆಟ್ಟಿಗೆಯವನು ಮುಚ್ಚಳ ಎತ್ತಿಕೊಂಡ. "ಆಯ್ತೇನಮ್ಮ?"

"ಒಂದ್ನಿಮಿಷ."

ಅವಳು ಬಲಗೈಯ ಗವಸು ಎಳೆದು ತೆಗೆದಳು. ಪೆಟ್ಟಿಗೆಯ ಮೇಲೆ ಬಾಗಿ, ಆ ತಣ್ಣನೆಯ ಕೈಯನ್ನೆತ್ತಿ ತನ್ನ ಕತ್ತಿನ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ ಸುಮ್ಮನಾದಳು.