ಅರವತ್ತೊಂದು ಸಲ ಅಳಿಸಿಕೊಂಡ ಸಿಡಿ

ನಾನು ಒಂದು ಸಿಡಿ. ಹಾಡಿನ ಸಿಡಿಯಲ್ಲ, ಸಿನಿಮಾದ ಸಿಡಿಯೂ ಅಲ್ಲ. ಬರೆದದ್ದನ್ನು ಅಳಿಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದಾದ ಸಿಡಿ. ಅಂಗಡಿಯವರು ನಮ್ಮನ್ನು ‘ಆರ್‌ಡಬ್ಲ್ಯೂ’ ಎಂದು ಕರೆಯುತ್ತಿದ್ದರು.

ಕಾದು ನೀರಾಗಿದ್ದ ಪ್ಲಾಸ್ಟಿಕ್ಕನ್ನು ಅಚ್ಚಿನಲ್ಲಿ ಒತ್ತಿದಾಗ ನಾನು ಹುಟ್ಟಿದೆ. ಆಗ ಗಾಜಿನ ಹಾಗೆ ಆರಪಾರ ಕಾಣುತ್ತಿದ್ದೆ. ಮೈಮೇಲೆ ನಡುವಿನಿಂದ ಅಂಚಿನವರೆಗೆ ಒಂದೇ ಒಂದು ಸುರುಳಿ ಗೀರು. ಅದನ್ನು ಬಿಚ್ಚಿ ಎಳೆದರೆ ಐದಾರು ಕಿಲೋಮೀಟರು ಆಗುತ್ತದಂತೆ. ಅದರ ಮೇಲೆ ಕೂದಲಿಗಿಂತ ತೆಳುವಾದ ಲೋಹದ ಪದರ ಕೂತಿತು, ಅದರ ಮೇಲೆ ಅರಗಿನಂಥ ಲೇಪ. ಬರೆಯುವ ಯಂತ್ರದ ಬೆಳಕು ಜೋರಾಗಿ ಬಿದ್ದರೆ ಆ ಲೋಹ ಚುಕ್ಕೆ ಚುಕ್ಕೆಯಾಗಿ ಮಂಕಾಗುತ್ತದೆ. ಅದೇ ಬೆಳಕು ಹದವಾಗಿ ಬಿದ್ದರೆ ಮಂಕು ಕಳೆದು ಮತ್ತೆ ಹೊಳೆಯುತ್ತದೆ. ಬರೆಯುವುದು, ಅಳಿಸುವುದು ಅಂದರೆ ಇಷ್ಟೇ. ಹೀಗೆ ಸಾವಿರ ಸಲ ಮಾಡಬಹುದು ಎಂದು ನನ್ನ ಡಬ್ಬಿಯ ಮೇಲೆ ಅಚ್ಚಾಗಿತ್ತು.

ಕಾರ್ಖಾನೆಯಿಂದ ನಾನು ಬಂದದ್ದು ಗದಗಿಗೆ. ಕೋರ್ಟಿನ ಎದುರಿಗೆ, ಬೇವಿನ ಮರದ ಪಕ್ಕ, ಟೈಪಿಂಗ್ ಮಾಡಿಕೊಡುವ ಒಂದು ಸಣ್ಣ ಅಂಗಡಿಯಿತ್ತು. ಅಲ್ಲಿ ಇಬ್ಬರು ಕೆಲಸ ಮಾಡುತ್ತಿದ್ದರು. ಬಾಗಿಲ ಬಳಿ ಹಳೆಯ ಟೈಪ್‌ರೈಟರಿನ ಮುಂದೆ ಗುಂಡೇರಾವ್ ಪರ್ವತೀಕರ. ಒಳಗೆ ಕಂಪ್ಯೂಟರಿನ ಮುಂದೆ ಮೈಮುನಾ ನದಾಫ. ನನ್ನನ್ನೂ ನನ್ನಂಥದೇ ಇನ್ನೊಂದು ತಟ್ಟೆಯನ್ನೂ ತರಿಸಿಕೊಂಡವಳು ಮೈಮುನಾ.

ತರಿಸಿದ್ದು ದ್ಯಾಮಣ್ಣನಿಗಾಗಿ. ದ್ಯಾಮಣ್ಣ ಕುರಹಟ್ಟಿ ಕಾನೂನು ಓದುತ್ತಿದ್ದ ಇಪ್ಪತ್ಮೂರರ ಯುವಕ, ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಕಾಲೇಜಿಗೆ ಸೇರಿದ ಮೊದಲ ವಾರವೇ ಏನೋ ಅರ್ಜಿ ಟೈಪ್ ಮಾಡಿಸಲು ಅಂಗಡಿಗೆ ಬಂದಿದ್ದನಂತೆ. ಬರೆದದ್ದನ್ನು ಮೈಮುನಾ ಓದಿ ಹೇಳಿದಾಗ ಅವನು, “ಅಕ್ಕಾರ, ನೀವು ಓದಿದ್ದು ನನಗ ಒಂದೇ ಸಲಕ್ಕ ತಲ್ಯಾಗ ಹೋತು ನೋಡ್ರಿ. ನಮ್ಮ ರೂಮಿನವ್ರು ಹತ್ತು ಸಲ ಓದಿದ್ರೂ ಹೋಗಂಗಿಲ್ಲ,” ಎಂದ. ಮೈಮುನಾ ನಕ್ಕಳು. ಮರುದಿನವೇ ಕಂಪ್ಯೂಟರಿಗೆ ಒಂದು ಮೈಕು ಬಂತು.

ಅಲ್ಲಿಂದ ನಮ್ಮ ಕೆಲಸ ಶುರುವಾಯಿತು. ಮಧ್ಯಾಹ್ನ ಕೋರ್ಟಿನವರು ಊಟಕ್ಕೆ ಹೋದಾಗ ಮೈಮುನಾ ಬಾಗಿಲು ಅರ್ಧ ಎಳೆದು, ಫ್ಯಾನು ನಿಲ್ಲಿಸಿ, ಅವನ ಪಾಠಪುಸ್ತಕ ಓದುತ್ತಿದ್ದಳು. ಕಂಪ್ಯೂಟರು ಅದನ್ನು ಕೇಳಿಸಿಕೊಳ್ಳುತ್ತಿತ್ತು. ಸಾಕಷ್ಟು ಪಾಠಗಳಾದ ಮೇಲೆ ಅವನ್ನೆಲ್ಲ ಹತ್ತಾರು ತಾಸಿನ ದನಿ ಹಿಡಿಯುವಂತೆ ಎಂಪಿಥ್ರೀಯಾಗಿ ಕುಗ್ಗಿಸಿ ನನ್ನ ಮೈಮೇಲೆ ಬರೆದು ದ್ಯಾಮಣ್ಣನಿಗೆ ಕೊಡುತ್ತಿದ್ದಳು. ನಾನು ಅವನ ರೂಮಿನಲ್ಲಿದ್ದಾಗ ನನ್ನ ಜೊತೆಗಾರ ತಟ್ಟೆ ಅಂಗಡಿಯಲ್ಲಿರುತ್ತಿತ್ತು. ಒಂದು ಹೋದರೆ ಒಂದು ಬರುತ್ತಿತ್ತು. ಬಂದದ್ದನ್ನು ಅಳಿಸಿ ಮುಂದಿನ ಪಾಠ ಬರೆಯುತ್ತಿದ್ದಳು. ಬೆರಳಿಗೆ ಸಿಕ್ಕರೆ ಗೊತ್ತಾಗಲೆಂದು ನನ್ನ ನಡುವಿನ ತೂತಿನ ಬಳಿ ಉಗುರುಬಣ್ಣದ ಒಂದು ದಪ್ಪ ಹನಿ ಇಟ್ಟಿದ್ದಳು. ಜೊತೆಗಾರನಿಗೆ ಎರಡು ಹನಿ.

ದ್ಯಾಮಣ್ಣ ನನ್ನನ್ನು ಹಿಡಿಯುತ್ತಿದ್ದ ರೀತಿ ನನಗೆ ಬಹಳ ಹಿಡಿಸಿತ್ತು. ಕಣ್ಣಿದ್ದವರು ನಮ್ಮ ಹೊಳಪಿನ ಮೇಲೆಯೇ ಬೆರಳೊತ್ತುತ್ತಾರೆ. ಅವನು ಅಂಗೈ ತೆರೆದು, ಅಂಚನ್ನಷ್ಟೇ ಮುಟ್ಟಿ ಎತ್ತುತ್ತಿದ್ದ. ಒರೆಸಬೇಕಾದರೆ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸುತ್ತಿದ್ದ.

ಗುಂಡೇರಾಯರು ಇದೆಲ್ಲದರಿಂದ ದೂರವಿದ್ದರು. ಅವರಿಗೆ ಆಗ ಐವತ್ತೆಂಟು. ಚಿಕ್ಕಂದಿನಿಂದಲೂ ಮಾತು ತೊದಲು. ‘ನಮಸ್ಕಾರ’ ಎನ್ನಲು ಹೋದರೆ ‘ನ’ ಅಕ್ಷರದಲ್ಲೇ ಸಿಕ್ಕಿಕೊಂಡು ಮುಖ ಕೆಂಪಾಗುತ್ತಿತ್ತು. ಶಾಲೆಯಲ್ಲಿ ಪಾಠ ಓದಲು ನಿಲ್ಲಿಸಿದಾಗ ಇಡೀ ತರಗತಿ ನಕ್ಕಿತ್ತಂತೆ. ಆಮೇಲೆ ಅವರು ಎಲ್ಲಿಯೂ ದನಿ ಎತ್ತಿ ಓದಲಿಲ್ಲ. ಟೈಪಿಂಗ್ ಕಲಿತರು. ಅವರ ಬೆರಳು ಒಮ್ಮೆಯೂ ತೊದಲುತ್ತಿರಲಿಲ್ಲ. ಗಿರಾಕಿಗಳಿಗೆ ತಲೆಯಾಡಿಸಿಯೇ ಉತ್ತರ ಹೇಳುತ್ತಿದ್ದರು.

ಎರಡೂವರೆ ವರ್ಷ ಹೀಗೆ ಕಳೆಯಿತು. ಕರಾರು ಕಾಯ್ದೆ, ಹಿಂದೂ ಕಾನೂನು, ಮುಸ್ಲಿಂ ಕಾನೂನು, ದಂಡ ಸಂಹಿತೆ ಎಲ್ಲವೂ ನನ್ನ ಮೇಲೆ ಬಂದು ಹೋದವು. ಐವತ್ತೊಂಬತ್ತು ಸಲ ನನ್ನನ್ನು ಅಳಿಸಿದ್ದರು. ನನಗೇನೂ ಬೇಸರವಿರಲಿಲ್ಲ. ನನ್ನಿಂದ ಹೋದದ್ದು ದ್ಯಾಮಣ್ಣನ ತಲೆಗೆ ಹೋಗಿರುತ್ತಿತ್ತು.

ಕೊನೆಯ ವರ್ಷ ಸಾಕ್ಷ್ಯ ಕಾಯ್ದೆಯ ಸರದಿ. ದಪ್ಪ ಪುಸ್ತಕ, ಕಠಿಣ ಭಾಷೆ. ಮೈಮುನಾ ಮೂರು ವಾರ ಹಿಡಿದು ಪೂರ್ತಿ ಓದಿ ಮುಗಿಸಿ ನನ್ನ ಮೇಲೆ ಬರೆದು ದ್ಯಾಮಣ್ಣನಿಗೆ ಕೊಟ್ಟಳು; ಅವನು ಕೇಳಿ ಮುಗಿಸಿದ್ದ ಜೊತೆಗಾರ ತಟ್ಟೆಯೂ ಇನ್ನೂ ಅವನ ಬಳಿಯೇ ಇತ್ತು. ಕಂಪ್ಯೂಟರಿನಲ್ಲಿ ಜಾಗ ಸಾಲದ್ದರಿಂದ ಅಲ್ಲಿದ್ದ ದನಿಯನ್ನು ಎಂದಿನಂತೆ ತೆಗೆದುಹಾಕಿದಳು. ಆಮೇಲೆ ತಂಗಿಯ ಹೆರಿಗೆಗೆಂದು ಬಾಗಲಕೋಟೆಗೆ ಹೊರಟಳು. ಹೋಗುವಾಗ ರಾಯರಿಗೆ ಹೇಳಿದಳು: “ಕಾಕಾ, ಜೋಡಿ ಹನಿ ಇರೋ ಸಿಡಿ ಬಂದ್ರ ಅಳಿಸಿ ಇಡ್ರಿ, ನಾ ಬಂದಕೂಡಲೇ ಬರೀತೀನಿ. ಇಲ್ಲಿ ಒತ್ರಿ, ಇದನ್ನ ಆರಿಸ್ರಿ, ಹೌದು ಅನ್ರಿ. ಮುಗೀತು.” ರಾಯರು ಒಂದು ಚೀಟಿಯ ಮೇಲೆ ಮೂರು ಹೆಜ್ಜೆಗಳನ್ನು ಬರೆದುಕೊಂಡರು. ಹನಿಯ ಲೆಕ್ಕ ಮಾತ್ರ ಬರೆದುಕೊಳ್ಳಲಿಲ್ಲ.

ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ದ್ಯಾಮಣ್ಣ ನನ್ನನ್ನು ಕೇಳುತ್ತಿದ್ದಾಗ ಒಂದು ಪಾಠದ ನಡುವೆ ದನಿ ನಿಂತು ನಿಂತು ಬಂತು. ಎಲ್ಲೋ ಗೀರು ಬಿದ್ದಿರಬೇಕೆಂದು ನನ್ನನ್ನು ಅಂಗಡಿಗೆ ತಂದ. ರಾಯರು ಯಾರದೋ ಪ್ರಮಾಣಪತ್ರವನ್ನು ಭರದಿಂದ ಕುಟ್ಟುತ್ತಿದ್ದರು.

“ರಾಯರ, ಇದು ಒಂದ್ಕಡೆ ಹಿಡೀತೈತ್ರಿ. ಅಕ್ಕಾರು ನಾಡಿದ್ದು ಬಂದಮ್ಯಾಲೆ ಒಮ್ಮೆ ನೋಡ್ಲಿ. ಅಲ್ಲೀತನಾ ಹಂಗ ಇಟ್ಟಿರ್ರಿ,” ಎಂದ.

ಯಂತ್ರದ ಸದ್ದಿನಲ್ಲಿ ರಾಯರಿಗೆ ಕೇಳಿಸಿದ್ದು ಅರ್ಧ. ತಲೆಯಾಡಿಸಿದರು. ದ್ಯಾಮಣ್ಣನಿಗೆ ಅದು ಕಾಣುವುದಾದರೂ ಹೇಗೆ? ನನ್ನನ್ನು ಎಂದಿನ ಜಾಗದಲ್ಲಿಟ್ಟು ಹೋದ.

ಸಂಜೆ ಕೆಲಸ ಕಡಿಮೆಯಾದ ಮೇಲೆ ರಾಯರು ಚೀಟಿ ತೆಗೆದರು. ಒತ್ತಿದರು, ಆರಿಸಿದರು, ಹೌದು ಎಂದರು. ನನ್ನ ಒಳ ಅಂಚಿನ ಮೇಲೆ ಆ ಹದವಾದ ಬಿಸಿ ಹರಿಯಿತು. ಕೂಗಲು ನನಗೆ ಬಾಯಿಲ್ಲ. ಅದು ಅರವತ್ತನೆಯ ಸಲ.

ಮೂರನೆಯ ದಿನ ಮೈಮುನಾ ಬಂದಳು, ದ್ಯಾಮಣ್ಣನೂ ಬಂದ. ನನ್ನನ್ನು ಯಂತ್ರಕ್ಕೆ ಹಾಕಿ ನೋಡಿದಳು. ಇನ್ನೊಮ್ಮೆ ಹಾಕಿದಳು. ಆಮೇಲೆ ಮೆಲ್ಲಗೆ, “ಕಾಕಾ, ಇದನ್ನ ಅಳಿಸೀರೇನ್ರಿ?” ಎಂದಳು.

ರಾಯರ ಕೈ ಟೈಪ್‌ರೈಟರಿನ ಮೇಲೆಯೇ ನಿಂತಿತು. ಆಮೇಲೆ ಆ ಚೀಟಿಯನ್ನು ತೆಗೆದು ಅವಳ ಮುಂದಿಟ್ಟರು. ದ್ಯಾಮಣ್ಣ ಗೋಡೆ ಹಿಡಿದು ಬೆಂಚಿನ ಮೇಲೆ ಕೂತ. ಅವನು ಕೇಳಿ ಮುಗಿಸಿದ್ದು ಪುಸ್ತಕದ ಕಾಲುಭಾಗ ಮಾತ್ರ.

“ಏಳು ದಿನ ಅದಾವ. ಎಷ್ಟು ಓದಾಕ ಆಗತೈತಿ ಅಷ್ಟು ಓದೋಣ ಬಿಡ್ರಿ,” ಎಂದು ಅವನೇ ಸಮಾಧಾನ ಹೇಳಿದ. ಆದರೆ ಅವನ ಬೆರಳು ನನ್ನ ಉಗುರುಬಣ್ಣದ ಹನಿಯನ್ನು ಉಜ್ಜುತ್ತಲೇ ಇತ್ತು.

ರಾಯರು ಎದ್ದರು. ಅವನ ಕೈಯಿಂದ ನನ್ನನ್ನು ಮೆಲ್ಲಗೆ ತೆಗೆದುಕೊಂಡರು. ಬಿಸಿಲಲ್ಲಿ ಟೊಪ್ಪಿಗೆಯೂ ಇಲ್ಲದೆ ನಡೆದು, ಎರಡು ಓಣಿ ದಾಟಿ, ಫಕ್ಕೀರೇಶನ ಅಂಗಡಿಯ ಮೆಟ್ಟಿಲು ಹತ್ತಿದರು. ಫಕ್ಕೀರೇಶ ಊರಿನ ಕಂಪ್ಯೂಟರುಗಳನ್ನೆಲ್ಲ ರಿಪೇರಿ ಮಾಡುವವನು. ರಾಯರು ಒಂದು ಹಾಳೆಯ ಮೇಲೆ ನಡೆದದ್ದನ್ನೆಲ್ಲ ಬರೆದು ಅವನ ಮುಂದಿಟ್ಟರು. ಹಿಂದೆಯೇ ಮೈಮುನಾ, ದ್ಯಾಮಣ್ಣ ಬಂದರು.

ಫಕ್ಕೀರೇಶ ಓದಿ ಕೇಳಿದ: “ಮ್ಯಾಲಷ್ಟ ಅಳಿಸೀರೋ, ಪೂರ್ತಿ ಅಳಿಸೀರೋ?”

“ಮ್ಯಾಲಷ್ಟ ಅಳಿಸೋದ. ನಾ ಕಲಿಸಿದ್ದು ಅದನ್ನ,” ಎಂದಳು ಮೈಮುನಾ.

“ಹಂಗಾದ್ರ ಜೀವ ಐತಿ ತಡೀರಿ,” ಎಂದ ಫಕ್ಕೀರೇಶ. “ಪುಸ್ತಕದಾಗಿನ ವಿಷಯಸೂಚಿ ಅಷ್ಟ ಹರದು ಒಗದೀರಿ. ಪುಟ ಹಂಗ ಅದಾವ. ಆದ್ರ ಸೂಚಿ ಇಲ್ಲಂದ್ರ ಯಂತ್ರ ಇದನ್ನ ಖಾಲಿ ಅಂತ ತಿಳೀತೈತಿ, ಒಳಗ ಕಾಲ ಇಡಂಗಿಲ್ಲ.”

ಉಪಾಯವನ್ನು ಅವನು ಹೀಗೆ ವಿವರಿಸಿದ. ನನ್ನ ಮೇಲೆ ತುದಿಯವರೆಗೂ ಏನೋ ಬರೆಯುವವನಂತೆ ಯಂತ್ರಕ್ಕೆ ಸುಳ್ಳು ಹೇಳಬೇಕು. ಅದು ಮೊದಲು ಹೊಸ ಸೂಚಿ ಬರೆಯುತ್ತದೆ. ಸೂಚಿ ಮುಗಿದು ಪಾಠಗಳ ಮೇಲೆ ಕೈ ಇಡುವಷ್ಟರಲ್ಲಿ ಕರೆಂಟು ಕಿತ್ತುಬಿಡಬೇಕು. ಬೇಗ ಕಿತ್ತರೆ ಸೂಚಿ ಆಗುವುದಿಲ್ಲ, ತಡವಾದರೆ ಹಳೆಯ ಪಾಠ ಉಳಿಯುವುದಿಲ್ಲ. ಸಿಡಿ ಬರೆಯುವಾಗ ಕರೆಂಟು ಹೋಗದಿರಲಿ ಎಂದು ಎಲ್ಲರೂ ಬೇಡಿಕೊಳ್ಳುವ ಊರಿನಲ್ಲಿ, ಬೇಕೆಂದೇ ಕರೆಂಟು ಕೀಳುವ ಕೆಲಸ!

“ಮೊದ್ಲ ಬ್ಯಾರೆ ಸಿಡಿ ಮ್ಯಾಲೆ ನೋಡಬೇಕು. ಅದು ಕೆಡತೈತಿ, ಹೇಳಿರತೀನಿ.”

ದ್ಯಾಮಣ್ಣ ಚೀಲದಿಂದ ನನ್ನ ಜೊತೆಗಾರನನ್ನು ತೆಗೆದುಕೊಟ್ಟ. ಮೂರು ಸಲ ಅದರ ಮೇಲೆ ಬರೆದು ಮೂರು ಸಲ ಕರೆಂಟು ಕಿತ್ತರು. ಮೂರನೆಯ ಸಲ ಫಕ್ಕೀರೇಶನಿಗೆ ಲೆಕ್ಕ ಸಿಕ್ಕಿತು. ಆದರೆ ಆ ತಟ್ಟೆ ಆಮೇಲೆ ಯಾವ ಯಂತ್ರಕ್ಕೂ ಓಗೊಡಲಿಲ್ಲ. ಎರಡೂವರೆ ವರ್ಷ ನಾವು ಒಂದೇ ಡಬ್ಬಿಯಲ್ಲಿ ಸರದಿಯಂತೆ ಹೋಗಿ ಬಂದು ಮಾಡಿದವರು. ಅದು ನನಗಾಗಿ ಹೋಯಿತು ಎನ್ನುವುದನ್ನು ನಾನು ಮರೆತಿಲ್ಲ.

ನನ್ನ ಸರದಿ ಬಂತು. ಯಂತ್ರ ನನ್ನನ್ನು ಗಿರ್ರನೆ ತಿರುಗಿಸತೊಡಗಿತು. ಫಕ್ಕೀರೇಶ ಗಡಿಯಾರ ನೋಡುತ್ತಿದ್ದ. ಪ್ಲಗ್ಗಿನ ಮೇಲೆ ಕೈಯಿಟ್ಟು ಕೂತವರು ರಾಯರು. ಆ ಕೆಲಸ ತನಗೇ ಬೇಕೆಂದು ಕೈಸನ್ನೆಯಿಂದ ಕೇಳಿಕೊಂಡಿದ್ದರು. ನನ್ನ ಒಳ ಅಂಚಿನಲ್ಲಿ ಬಿಸಿ ಬೆಳಕು ಚುಕ್ಕೆ ಚುಚ್ಚುತ್ತಾ ಮುಂದೆ ಸರಿಯಿತು.

“ಈಗ!”

ರಾಯರು ಕಿತ್ತರು. ಎಲ್ಲ ಕತ್ತಲಾಯಿತು.

ಮತ್ತೆ ಕರೆಂಟು ಕೊಟ್ಟು, ಫಕ್ಕೀರೇಶ ನನ್ನೊಳಗೆ ತಡಕಾಡಿದ. ಬಹಳ ಹೊತ್ತು ಏನೂ ಸಿಗಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಸ್ಪೀಕರಿನಿಂದ ಮೈಮುನಾಳ ದನಿ, ಒಂದು ವಾಕ್ಯದ ಅರ್ಧದಿಂದ ಕೇಳಿಬಂತು. ದ್ಯಾಮಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಮೈಮುನಾ, “ಯಾ ಅಲ್ಲಾ,” ಎಂದು ಅಲ್ಲೇ ನೆಲಕ್ಕೆ ಕೂತಳು.

ಹನ್ನೊಂದು ಅಧ್ಯಾಯಗಳಲ್ಲಿ ಹತ್ತು ಸಿಕ್ಕವು; ಫಕ್ಕೀರೇಶ ಅವನ್ನು ತನ್ನ ಕಂಪ್ಯೂಟರಿಗೆ ಇಳಿಸಿಕೊಂಡ. ಒಳ ಅಂಚಿಗಿದ್ದ ಮೊದಲನೆಯದು ಸುಟ್ಟುಹೋಗಿತ್ತು; ಅದನ್ನು ಒಮ್ಮೆ ಕೇಳಿದ್ದರೂ ಪರೀಕ್ಷೆಗೆ ಮುಂಚೆ ದ್ಯಾಮಣ್ಣ ಮತ್ತೊಮ್ಮೆ ಕೇಳಬೇಕಿತ್ತು. “ಇವತ್ತ ಓದಿಬಿಡತೀನಿ,” ಎಂದು ಮೈಮುನಾ ಎದ್ದಳು. ಪ್ರಯಾಣದ ಧೂಳಿಗೆ ಅವಳ ಗಂಟಲು ಕಟ್ಟಿತ್ತು.

ಆಗ ರಾಯರು, ಅವಳು ಜೊತೆಗೆ ತಂದಿದ್ದ ಪುಸ್ತಕದ ಮೇಲೆ ಕೈಯಿಟ್ಟರು.

“ನಾ... ನಾ... ನಾನು ಓದತೀನಿ,” ಎಂದರು.

ದ್ಯಾಮಣ್ಣನೇ, “ಓದ್ರಿ ರಾಯರ. ಅವಸರ ಇಲ್ಲ,” ಎಂದ.

ಟೈಪಿಂಗ್ ಅಂಗಡಿಗೆ ಮರಳಿ, ಬಾಗಿಲು ಪೂರ್ತಿ ಎಳೆದುಕೊಂಡು, ಐವತ್ತು ವರ್ಷಗಳ ಮೇಲೆ ಗುಂಡೇರಾಯರು ಪುಸ್ತಕ ಹಿಡಿದು ದನಿ ಎತ್ತಿದರು. ಅವಳು ಓದಿದರೆ ಇಪ್ಪತ್ತು ನಿಮಿಷದ ಪಾಠ. ಅವರಿಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಎಷ್ಟೋ ಶಬ್ದಗಳ ಬಾಗಿಲಲ್ಲಿ ನಿಂತು ನಿಂತು ಒಳಗೆ ಹೋದರು. ಒಂದನ್ನೂ ಬಿಡಲಿಲ್ಲ. ಫಕ್ಕೀರೇಶ ನನ್ನನ್ನು ಈ ಸಲ ಪೂರ್ತಿ ಅಳಿಸಿ, ಮೊದಲು ರಾಯರ ಅಧ್ಯಾಯ, ಆಮೇಲೆ ಮೈಮುನಾಳ ಹತ್ತು ಅಧ್ಯಾಯಗಳನ್ನು ಬರೆದ. ಅದು ಅರವತ್ತೊಂದನೆಯ ಸಲ.

ದ್ಯಾಮಣ್ಣ ಸಾಕ್ಷ್ಯ ಕಾಯ್ದೆಯಲ್ಲಿ ಎಪ್ಪತ್ತೆರಡು ಅಂಕ ತೆಗೆದ. ಫಲಿತಾಂಶ ಹೇಳಲು ಬಂದಾಗ ಮೈಮುನಾ ಅಭ್ಯಾಸದಂತೆ ನನಗಾಗಿ ಕೈ ಚಾಚಿದಳು. ಅವನು ಕೊಡಲಿಲ್ಲ. “ಇದನ್ನ ಅಳಿಸೋದು ಬ್ಯಾಡ್ರಿ ಅಕ್ಕಾರ. ರಾಯರು ಇನ್ನೊಮ್ಮೆ ಓದಂಗಿಲ್ಲ,” ಎಂದ. ಹಾಗೆ, ಅಳಿಸಲೆಂದೇ ಹುಟ್ಟಿದ ನನ್ನನ್ನು ಅವತ್ತಿನಿಂದ ಯಾರೂ ಅಳಿಸಲಿಲ್ಲ.

ದ್ಯಾಮಣ್ಣ ವಕೀಲನಾದ. ನಾನು ಅವನ ಕಚೇರಿಯ ಕಪಾಟಿನಲ್ಲಿ ಹತ್ತೊಂಬತ್ತು ವರ್ಷ ಇದ್ದೆ. ನನ್ನ ಜಾತಿಯವರು ಅಂಗಡಿಗಳಿಂದ ಮಾಯವಾದರು. ಪೆನ್‌ಡ್ರೈವ್ ಬಂತು. ಪುಸ್ತಕ ಓದಿ ಹೇಳುವ ಫೋನು ಬಂತು. ಕಡೆಗೆ ನನ್ನ ಮೈಮೇಲಿದ್ದ ಸಾಕ್ಷ್ಯ ಕಾಯ್ದೆಯನ್ನೇ ತೆಗೆದು ಸರಕಾರ ಹೊಸ ಕಾಯ್ದೆ ತಂದಿತು. ಇನ್ನು ನನ್ನಿಂದ ಯಾರಿಗೂ ಏನೂ ಆಗಬೇಕಾಗಿಲ್ಲ ಎಂದುಕೊಂಡೆ.

ಆ ವರ್ಷವೇ ಗುಂಡೇರಾಯರು ತೀರಿಕೊಂಡರು. ತಿಂಗಳಾದ ಮೇಲೆ ಅವರ ಹೆಂಡತಿ ವೇಣುಬಾಯಿ, ಮೈಮುನಾಳ ಕೈ ಹಿಡಿದು ದ್ಯಾಮಣ್ಣನ ಕಚೇರಿಗೆ ಬಂದರು. ಎಪ್ಪತ್ತು ದಾಟಿದ ಸಣ್ಣ ಜೀವ.

“ವಕೀಲಪ್ಪಾ,” ಎಂದರು, “ನಲವತ್ತೆಂಟು ವರ್ಷ ಸಂಸಾರ ಮಾಡೀನಿ. ಮನ್ಯಾಗ ಅವರು ದಿನಕ್ಕ ನಾಕು ಮಾತು ಆಡಿದ್ರ ಹೆಚ್ಚು. ಫೋನಿನಾಗೂ ಮಾತಾಡತಿದ್ದಿಲ್ಲ. ಒಂದು ತಾಸು ಓದ್ಯಾರ ಅಂತ ಈಕಿ ಹೇಳಿದ್ಲು. ಹೌದೇನಪ್ಪಾ?”

ಫಕ್ಕೀರೇಶ ತನ್ನ ಹಳೆಯ ಯಂತ್ರ ಹೊತ್ತು ತಂದ. ಎರಡು ಸಲ ನಾನು ಒಲ್ಲೆನೆಂದೆ. ಬೇಕೆಂದಲ್ಲ, ವಯಸ್ಸಾಗಿತ್ತು. ದ್ಯಾಮಣ್ಣ ನನ್ನನ್ನು ನಡುವಿನಿಂದ ಅಂಚಿಗೆ ಒರೆಸಿ ಮತ್ತೆ ಹಾಕಿದ. ಮೂರನೆಯ ಸಲ ಇದ್ದ ಬಲವನ್ನೆಲ್ಲ ಕೂಡಿಸಿ ತಿರುಗಿದೆ.

ದನಿ ಬಂತು. ‘ಸಂಗತಿ’ ಎಂದರೇನು ಎಂದು ರಾಯರು ಓದುತ್ತಿದ್ದರು. ಒಬ್ಬ ಮನುಷ್ಯ ಇಂಥ ಮಾತು ಆಡಿದ ಎಂಬುದು ಒಂದು ಸಂಗತಿ. ‘ಮನುಷ್ಯ’ ಎನ್ನುವಲ್ಲಿ ತಡವರಿಸಿದರು, ನಿಂತರು, ಮತ್ತೆ ಹಿಡಿದರು, ದಾಟಿದರು. ವೇಣುಬಾಯಿ ಸೆರಗನ್ನು ಮುದುಡಿ ಬಾಯಿಗೊತ್ತಿಕೊಂಡು, ಪುರಾಣ ಕೇಳುವವರಂತೆ ಒಂದು ಗಂಟೆ ಹತ್ತು ನಿಮಿಷ ಆ ಕಾಯ್ದೆಯನ್ನು ಕೇಳಿದರು. ನಡುವೆ ಒಂದು ಕಡೆ ರಾಯರು ಕೆಮ್ಮಿ, ಒಂದಿಷ್ಟೂ ತೊದಲದೆ, “ತಡೀರಿ, ನೀರು ಕುಡೀತೀನಿ,” ಎಂದಿದ್ದರು.

“ಅಷ್ಟು ಇನ್ನೊಮ್ಮೆ ಹಚ್ಚಪ್ಪಾ,” ಎಂದರು ವೇಣುಬಾಯಿ.

ಹಚ್ಚಿದರು. ಆಮೇಲೆ ಇನ್ನೂ ಎರಡು ಸಲ ಹಚ್ಚಿದರು.

ಫಕ್ಕೀರೇಶ ದನಿಯನ್ನು ಅವರ ಫೋನಿಗೆ ಹಾಕಿಕೊಟ್ಟ. ಹೊರಡುವಾಗ ವೇಣುಬಾಯಿ ನನ್ನನ್ನೂ ಕೇಳಿದರು. “ಫೋನಿನಾಗ ಬಂತಲ್ರಿ ಅಮ್ಮಾ, ಇದನ್ನ ಹಾಕಾಕ ನಿಮ್ಮನ್ಯಾಗ ಯಂತ್ರ ಎಲ್ಲೈತಿ?” ಎಂದ ಫಕ್ಕೀರೇಶ.

“ಇರವಲ್ದ್ಯಾಕ, ಇರಲಿ ಕೊಡಪ್ಪಾ,” ಎಂದರು.

ದ್ಯಾಮಣ್ಣ ನನ್ನ ಅಂಚು ಹಿಡಿದು ಅವರ ಅಂಗೈ ಮೇಲಿಟ್ಟ.

ಈಗ ನಾನು ವೇಣುಬಾಯಿಯವರ ಟ್ರಂಕಿನಲ್ಲಿದ್ದೇನೆ, ರಾಯರ ಒಗೆದು ಮಡಿಸಿದ ಎರಡು ಧೋತರಗಳ ನಡುವೆ. ಬೆಳಕಿಲ್ಲ, ಧೂಳಿಲ್ಲ. ಇನ್ನೂ ಒಂಬೈನೂರು ಮೂವತ್ತೊಂಬತ್ತು ಸಲ ಅಳಿಸಿ ಬರೆಯುವಷ್ಟು ಆಯುಸ್ಸು ಲೆಕ್ಕದಲ್ಲಿ ಉಳಿದಿದೆ. ಅದು ನನಗೆ ಬೇಕಾಗಿಲ್ಲ. ಟ್ರಂಕಿನ ಹೊರಗೆ, ಮಧ್ಯಾಹ್ನ ಮನೆ ಸುಮ್ಮನಾದಾಗ, ಒಮ್ಮೊಮ್ಮೆ ಫೋನಿನಿಂದ ರಾಯರು ನೀರು ಕುಡೀತೀನಿ ಎನ್ನುವುದು ಕೇಳಿಸುತ್ತದೆ. ಅದರ ಹಿಂದೆಯೇ ವೇಣುಬಾಯಿ, “ಕುಡೀರಿ, ಕುಡೀರಿ,” ಎನ್ನುತ್ತಾರೆ.