ಗಾಡಿಗೊಂದು ಸುತ್ತು

ಚಾಮರಾಜನಗರದ ಬಸ್ಸಿನಲ್ಲಿ ಕುಮಾರಿಯ ಕೈಗಳು ಸುಮ್ಮನಿರಲೇ ಇಲ್ಲ. ಎಡಗೈ ಕಣ್ಣಿಗೆ ಕಾಣದ ಲಿವರನ್ನು ಎಳೆಯುತ್ತಿತ್ತು, ಬಲಗೈ ಕಣ್ಣಿಗೆ ಕಾಣದ ಬಕೆಟ್ಟನ್ನು ಮಡಚುತ್ತಿತ್ತು. ಪಕ್ಕದಲ್ಲಿದ್ದ ಅಜ್ಜಿ ಈ ಹುಡುಗಿಗೆ ಏನೋ ಮೆಟ್ಟಿಕೊಂಡಿದೆಯೆಂದು ಒಂದಿಷ್ಟು ಸರಿದು ಕೂತಳು. ಮೆಟ್ಟಿಕೊಂಡಿದ್ದು ನಿಜವೇ. ಇವತ್ತು ಜೆಸಿಬಿ ಓಡಿಸುವವರ ಪರೀಕ್ಷೆ. ಬೆಳಿಗ್ಗೆ ಅವ್ವ ಮಾಡಿಕೊಟ್ಟ ರೊಟ್ಟಿ ಗಂಟಲಲ್ಲಿ ಇಳಿದಿರಲಿಲ್ಲ, ಅಷ್ಟು ಖುಷಿ.

ಮುಂದಿನ ಸೀಟಿನಲ್ಲಿ ಅವಳ ಅಪ್ಪ ಪುಟ್ಟಮಾದು ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೊಡೆಯುತ್ತಿದ್ದ. ಅವನದೂ ಇವತ್ತೇ ಪರೀಕ್ಷೆ. ಅವರ ಊರು ಭೀಮನಬೀಡಿನ ಸುತ್ತಮುತ್ತ ಅವನು ತೋಡದ ಪಾಯವಿಲ್ಲ, ಅಗೆಯದ ಕಾಲುವೆಯಿಲ್ಲ. ಅಂಥವನಿಗೆ ಪರೀಕ್ಷೆಯೆಂಬ ಮಾತೇ ಮೈಯುರಿ. ಕುಮಾರಿಗೆ ಲಿವರು ಹಿಡಿಯಲು ಕಲಿಸಿದವನೂ ಅವನೇ. ಪಿಯುಸಿ ಮುಗಿಸಿದ ಮಗಳು ಹೊಲಿಗೆ ಕಲಿಯುವ ಬದಲು ಜೆಸಿಬಿ ಸೀಟಿಗೆ ಹತ್ತಿದಳೆಂದು ಊರು ಆಡಿಕೊಂಡಾಗ, ಅವನು ಕ್ಯಾರೇ ಅನ್ನಲಿಲ್ಲ.

ಅಪ್ಪ ಮಗಳು ಓಡಿಸುತ್ತಿದ್ದ ಗಾಡಿ ಗುಂಡ್ಲುಪೇಟೆಯ ಅಪ್ಸರ್ ಪಾಷಾ ಅವರದು. ಅವರಿಗೆ ದೊಡ್ಡದೊಂದು ಕೆರೆ ಹೂಳೆತ್ತುವ ಕೆಲಸ ಸಿಕ್ಕಿತ್ತು. ಆದರೆ ಕೆಲಸ ಕೊಟ್ಟವರ ಷರತ್ತೊಂದಿತ್ತು: ಸರ್ಟಿಫಿಕೇಟ್ ಇಲ್ಲದವರು ಗಾಡಿ ಮುಟ್ಟುವಂತಿಲ್ಲ. "ನಿಮ್ಮಿಬ್ರಲ್ಲಿ ಯಾರು ತಂದ್ರೂ ಸೀಟು ನಿಮ್ದೇ ಮಾದಣ್ಣ," ಎಂದಿದ್ದರು ಪಾಷಾ, ಮುಖ ಸಣ್ಣದು ಮಾಡಿಕೊಂಡು. "ಇಬ್ರೂ ತರ್ಲಿಲ್ಲಾಂದ್ರೆ ತಾಳವಾಡಿ ಕಡೆಯಿಂದ ಡ್ರೈವರನ್ನ ಕರೆಸ್ಬೇಕಾಯ್ತದೆ. ನನ್ ಕೈಲೇನೂ ಇಲ್ಲ."

ಅಂದಿನಿಂದ ಅಪ್ಪ ಮಗಳು ಚಾಮರಾಜನಗರದ ತರಬೇತಿಗೆ ಓಡಾಡಿದ್ದಾಯಿತು. ಕುಮಾರಿ ಅಲ್ಲಿ ಹೇಳಿದ್ದನ್ನೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದಳು. ಇಳಿಜಾರಿನಲ್ಲಿ ಗಾಡಿ ಯಾಕೆ ಮಗುಚುತ್ತದೆ, ತಲೆಯ ಮೇಲಿನ ಕರೆಂಟು ತಂತಿಯಿಂದ ಎಷ್ಟು ದೂರವಿರಬೇಕು, ಹಳ್ಳದ ಅಂಚು ಯಾವಾಗ ಕುಸಿಯುತ್ತದೆ. ಅಪ್ಪ ಕೈಯಲ್ಲಿ ಮಾಡುತ್ತಿದ್ದುದಕ್ಕೆಲ್ಲ ಕಾರಣಗಳಿದ್ದವು ಎಂದು ತಿಳಿದಾಗ ಅವಳಿಗೆ ಕುಣಿಯುವಂತಾಗುತ್ತಿತ್ತು. ಅಪ್ಪ ಮಾತ್ರ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ. ಒಮ್ಮೆ ಮಾತ್ರ ಎಚ್ಚರವಾಗಿದ್ದ. ಪಾಠ ಹೇಳುವ ನಾಜ್ನೀನ್ ಮೇಡಂ, "ಕೀಲಿ ಮುಟ್ಟುವ ಮೊದಲು ಗಾಡಿಗೆ ಒಂದು ಸುತ್ತು ಬರಬೇಕು. ಇದು ಆಗದಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು," ಎಂದಿದ್ದರು.

"ಇದೊಂದಾರ ಸರಿಯಾಗಿ ಏಳವ್ರೆ ಬುಡು," ಎಂದು ಅಪ್ಪ ಅವತ್ತು ಬಸ್ಸಿನಲ್ಲಿ ಮನೆಗೆ ಬರುವ ದಾರಿಯುದ್ದಕ್ಕೂ ಹಿಗ್ಗಿದ್ದ. "ನಾವು ದಿನಾ ಮಾಡೋದೇ ಅಲ್ವಾ ಕಣಮ್ಮಿ."

ದಿನಾ ಮಾಡುವುದು ಹೌದು. ಬೆಳಿಗ್ಗೆ ಗಾಡಿಗೆ ವಿಭೂತಿ ಬಳಿದು, ಊದುಬತ್ತಿ ಹಚ್ಚಿ, ಮಾದಪ್ಪನನ್ನು ನೆನೆದು ಕಣ್ಣು ಮುಚ್ಚಿ ಕೈ ಮುಗಿದು ಪುಟ್ಟಮಾದು ಒಂದು ಪ್ರದಕ್ಷಿಣೆ ಬರುತ್ತಿದ್ದ. ಹಿಂದೆಯೇ ಕುಮಾರಿ. ಅದಾಗದೆ ಅವರ ಮನೆಯಲ್ಲಿ ಯಾರೂ ಕೀಲಿ ಮುಟ್ಟಿದ್ದಿಲ್ಲ.

ಪರೀಕ್ಷೆಯ ಮೈದಾನದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಒಂದು ಮರವಿಲ್ಲ, ಗಿಡವಿಲ್ಲ. ನಡುವೆ ಹಳದಿ ಜೆಸಿಬಿ, ಅದರ ಮುಂದೆ ದೊಡ್ಡ ಛತ್ರಿಯ ಕೆಳಗೆ ನಾಜ್ನೀನ್ ಮೇಡಂ. ಗಾಡಿಯನ್ನು ಹಿಂದಕ್ಕೆ ತೆಗೆದು, ಗುರುತು ಹಾಕಿದ ಕಡೆ ನಿಲ್ಲಿಸಿ, ಒಂದು ಕಾಲುವೆ ತೋಡಬೇಕು. ಮೊದಲ ಹೆಸರೇ ಪುಟ್ಟಮಾದು.

ಅವನು ಗತ್ತಿನಿಂದ ಹೋದ. ಶೂ ಬಿಚ್ಚಿಟ್ಟ. ಕಣ್ಣು ಮುಚ್ಚಿ, ಕೈ ಮುಗಿದು, ತುಟಿ ಅಲ್ಲಾಡಿಸುತ್ತ, ರೂಢಿಯ ಮೇಲೆ ಎಲ್ಲಿಯೂ ಎಡವದೆ ಗಾಡಿಗೊಂದು ಸುತ್ತು ಬಂದ. ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡ.

"ಏನು ನೋಡಿದ್ರಿ ಅಣ್ಣಾ?" ಎಂದರು ನಾಜ್ನೀನ್.

"ನೋಡೋದೇನು ಮೇಡಂ, ಕೈ ಮುಗ್ದೆ."

ನಾಜ್ನೀನ್ ಅವನನ್ನು ಪಕ್ಕಕ್ಕೆ ಕರೆದೊಯ್ದು ತೋರಿಸಿದರು. ಚಕ್ರಕ್ಕೆ ತಾಗಿಕೊಂಡಂತೆ ಒಂದು ಹೆಲ್ಮೆಟ್ ಇತ್ತು. ಅವರೇ ಇಟ್ಟಿದ್ದು. "ಇದರ ಕೆಳಗೆ ಒಬ್ಬರ ತಲೆ ಇದ್ದಿದ್ರೆ? ಸುತ್ತು ಬರೋದು ನೋಡೋಕೆ ಅಣ್ಣಾ. ದೇವರಿಗೆ ಮುಗೀರಿ, ಬೇಡ ಅನ್ನಲ್ಲ. ಕಣ್ಣು ಬಿಟ್ಕೊಂಡು ಮುಗೀರಿ."

"ಕಣ್ ಬುಟ್ಕಂಡು ಯಾರಾರ ಕೈ ಮುಗ್ದಾರಾ," ಎಂದ ಪುಟ್ಟಮಾದು. ದನಿಯಲ್ಲಿ ಜೋರಿರಲಿಲ್ಲ. ಅವನ ಪರೀಕ್ಷೆ ಅಲ್ಲಿಗೇ ಮುಗಿಯಿತು. ಶೂಗಳನ್ನು ಕೈಯಲ್ಲಿ ಹಿಡಿದು, ಯಾರ ಮುಖವನ್ನೂ ನೋಡದೆ ಎತ್ತಲೋ ಹೋದ.

 ಮೊದಲು ಕರೆದಿದ್ದರೆ ಕುಮಾರಿಯೂ ಹಾಗೆಯೇ ಸುತ್ತುತ್ತಿದ್ದಳು. ಅಪ್ಪ ಬಿದ್ದದ್ದರಿಂದ ಅವಳು ಉಳಿದಿದ್ದಳು. ಈಗ ಸೀಟು ಮನೆಯಲ್ಲಿ ಉಳಿಯುವುದು ಅವಳೊಬ್ಬಳಿಂದ. ಅಪ್ಪನಿಗಾಗಿ ಸಂಕಟ, ಗಾಡಿ ಮುಟ್ಟುವ ಆಸೆ, ಎರಡೂ ಒಟ್ಟಿಗೇ. ನಡುವೆ ಬೇರೆಯವರ ಪರೀಕ್ಷೆಗಳು ನಡೆದವು. ಅವಳು ಅದೊಂದನ್ನೂ ಸರಿಯಾಗಿ ನೋಡಲಿಲ್ಲ.

ಕೊನೆಗೆ ಅವಳನ್ನು ಕರೆದರು. ನಾಜ್ನೀನ್ ಈ ಸಲ ಏನೋ ಇಟ್ಟಿರುತ್ತಾರೆ, ಎಲ್ಲೋ ಇಟ್ಟಿರುತ್ತಾರೆ ಎಂದು ಕುಮಾರಿಗೆ ಖಾತ್ರಿ. ಕೈಗಳು ತಾವಾಗಿಯೇ ಮುಗಿದುಕೊಂಡವು, ಇರಲಿ ಎಂದುಕೊಂಡಳು. ಕಣ್ಣು ಮಾತ್ರ ಅಗಲಿಸಿದಳು. ಮುಂದಿನ ಚಕ್ರ ನೋಡಿದಳು, ಎಣ್ಣೆ ಸೋರಿದೆಯೇ ಎಂದು ಪೈಪು ಸವರಿದಳು, ಮುಂದಿನ ಬಕೆಟ್ಟಿನ ಅಡಿಗೆ ಬಗ್ಗಿದಳು. ಅಲ್ಲಿತ್ತು ಹೆಲ್ಮೆಟ್.

"ಸಿಕ್ತು ಮೇಡಂ," ಎಂದು ಅದನ್ನು ಎತ್ತಿ ತೋರಿಸಿದಳು. ಕುಣಿದುಬಿಡುವಷ್ಟು ಸಂತೋಷ. ನಾಜ್ನೀನ್ ನಕ್ಕು, ಹತ್ತು ಎಂಬಂತೆ ತಲೆಯಾಡಿಸಿದರು. ಕುಮಾರಿಯ ಒಂದು ಕಾಲು ಆಗಲೇ ಮೆಟ್ಟಿಲ ಮೇಲಿತ್ತು.

ಸುತ್ತು ಮುಗಿದಿರಲಿಲ್ಲ. ಅರ್ಧ ಪ್ರದಕ್ಷಿಣೆ ಬಿಟ್ಟು ಹತ್ತಿದವಳು ಅವಳಲ್ಲ, ಮನಸ್ಸು ಒಪ್ಪಲಿಲ್ಲ. ಕಾಲು ಇಳಿಸಿ ಹಿಂದಕ್ಕೆ ನಡೆದಳು.

ಹಿಂದಿನ ದೊಡ್ಡ ಚಕ್ರದ ನೆರಳಿನಲ್ಲಿ, ಟೈರಿಗೆ ಬೆನ್ನು ಕೊಟ್ಟು, ಮುಖದ ಮೇಲೆ ಟವೆಲ್ಲು ಹಾಕಿಕೊಂಡು ಪುಟ್ಟಮಾದು ನಿದ್ದೆ ಹೋಗಿದ್ದ. ಹಿಂದಿನವರ ಪರೀಕ್ಷೆ ಮುಗಿದು ಗಾಡಿ ನಿಂತ ಮೇಲೆ ಬಂದಿರಬೇಕು; ಮೇಡಂ ಛತ್ರಿ ಬಿಟ್ಟರೆ ಇಡೀ ಮೈದಾನದಲ್ಲಿ ಇದ್ದ ನೆರಳು ಅದೊಂದೇ. ಮಧ್ಯಾಹ್ನದ ಊಟ ಮುಗಿಸಿ ದಿನಾ ಒರಗುವ ಹಾಗೆಯೇ ಒರಗಿದ್ದ.

ಕುಮಾರಿಯ ಕೈಯಿಂದ ಹೆಲ್ಮೆಟ್ ಜಾರಿತು. ಗಾಡಿಯನ್ನು ಮೊದಲು ತೆಗೆಯಬೇಕಿದ್ದುದೇ ಹಿಂದಕ್ಕೆ.  ಕುಕ್ಕರಿಸಿ ಅಪ್ಪನ ಭುಜ ಹಿಡಿದಳು.

"ಏಳಪ್ಪ. ಅತ್ಲಾಗ್ ಓಗು."

ಅಪ್ಪನಿಗೆ ಅವಳು ಹಾಗೆ ಅಪ್ಪಣೆ ಕೊಟ್ಟದ್ದು ಅದೇ ಮೊದಲು. ಪುಟ್ಟಮಾದು ಟವೆಲ್ಲು ಸರಿಸಿ ಮಗಳನ್ನು ನೋಡಿದ, ಬೆನ್ನಿಗಿದ್ದ ಚಕ್ರವನ್ನು ನೋಡಿದ. ಓಡಿ ಬಂದ ನಾಜ್ನೀನ್ ಬೆಳ್ಳಗಾಗಿ ನಿಂತಿದ್ದರು. "ನಾನೂ ನೋಡಿರ್ಲಿಲ್ಲ," ಎಂದರು.

ಆಮೇಲೆ ಅವರೇ, "ಹತ್ತಮ್ಮ," ಎಂದರು. ಪುಟ್ಟಮಾದು ಅಡ್ಡ ಬಂದ.

"ತಡೀರಿ ಮೇಡಂ. ಇನ್ನೊಂದ್ ಸುತ್ತು ಬರ್ಲಿ. ನನ್ನಂತೋನು ಇನ್ನೊಬ್ಬ ಎಲ್ಲಾರ ಬಿದ್ಕಂಡಿರ್ಬೋದು."

ಕುಮಾರಿ ಮತ್ತೊಂದು ಸುತ್ತು ಬಂದಳು. ಹಿಂದೆಯೇ ಪುಟ್ಟಮಾದು, ಕಾಲಿಗೆ ಶೂ ಹಾಕಿಕೊಂಡು, ಕಣ್ಣು ಬಿಟ್ಟುಕೊಂಡು, ಪ್ರತಿ ಚಕ್ರದ ಹತ್ತಿರವೂ ಬಗ್ಗಿ ನೋಡುತ್ತ.

ಆಮೇಲೆ ಅವಳು ಹತ್ತಿದಳು, ಬೆಲ್ಟು ಬಿಗಿದಳು, ಹಾರನ್ ಹೊಡೆದಳು. ಗಾಡಿ ಗುರುತಿನ ಮೇಲೆಯೇ ನಿಂತಿತು, ಕಾಲುವೆ ನೂಲು ಹಿಡಿದಂತೆ ಬಂತು. ಪಾಸಾದಳು. ಬಸ್ ನಿಲ್ದಾಣದವರೆಗೂ ಅವಳ ಕಾಲು ನೆಲದ ಮೇಲಿರಲಿಲ್ಲ.

ಅಲ್ಲಿ ಪುಟ್ಟಮಾದು ಪಾಷಾ ಅವರಿಗೆ ಫೋನು ಮಾಡಿದ. ಕುಮಾರಿ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು.

"ಸಾಬ್ರೇ, ತಾಳವಾಡಿಯೋರ್ನ ಕರಿಬೇಡಿ, ಡ್ರೈವರ್ ಸಿಕ್ಕವ್ಳೆ. ನಾನಾ? ನಾನ್ ಫೇಲು. ಮುಂದಿನ್ ಸಲ ನೋಡನ." ಅವನು ಮಗಳತ್ತ ತಿರುಗಿ ನೋಡಿದ. "ಅಲ್ಲೀಗಂಟ ಗಾಡಿ ಹಿಂದೆ ಮುಂದೆ ನೋಡ್ಕಳಕೆ ಅವ್ಳಿಗೊಂದು ಆಳು ಬೇಕಲ್ವಾ. ಬೇರೆ ಯಾರ್ನೂ ಇಕ್ಬೇಡಿ, ನಾನ್ ಬತ್ತೀನಿ."